ದೀಪಾವಳಿ ರಜೆಗೆ ಮಕ್ಕಳಿಗೆ ಕಾಡು ತೋರಿಸಬೇಕು: ಲಕ್ಕವಳ್ಳಿಯೋ, ಶೆಟ್ಟಿಹಳ್ಳಿಯೋ, ಗುಡವಿಯೋ?

ಹೊಳೆಸ್ಟಾಪಿನವಳು

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ನಾದಿನಿ ಮನೆಯವರು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬರುತ್ತಿದ್ದಾರೆ. ಮಕ್ಕಳಲ್ಲಿ ಒಬ್ಬಳು ಮೂರನೇ ಕ್ಲಾಸು, ಇನ್ನೊಬ್ಬ ಏಳನೇ ಕ್ಲಾಸು. ಜೋಗ ಆಗಲೇ ನೋಡಿದ್ದಾರೆ. ಈ ಸಲ ಕಾಡು ಬೇಕಂತೆ. ಕಾಡು ಅಂದರೆ ಅವರ ಲೆಕ್ಕದಲ್ಲಿ ಹುಲಿ. ನಾದಿನಿ ಗಂಡ ಫೋನಿನಲ್ಲಿ ಕೇಳಿದ ಮೊದಲ ಮಾತೇ "ಪಕ್ಕಾ ಕಾಣುತ್ತಾ?" ಅಂತ.

ನಮ್ಮ ಹತ್ತಿರ ಎರಡು ದಿನ ಇದೆ, ಕಾರಿದೆ. ಅತ್ತೆಗೆ ಮಂಡಿನೋವು, ಜಾಸ್ತಿ ನಡೆಯೋಕೆ ಆಗಲ್ಲ. ಲಕ್ಕವಳ್ಳಿ ಸಫಾರಿ, ಸಕ್ರೆಬೈಲು ಆನೆ ಬಿಡಾರ, ಮಂಡಗದ್ದೆ ಮತ್ತು ಗುಡವಿ ಪಕ್ಷಿಧಾಮ, ಇಷ್ಟು ಹೆಸರು ಬರೆದಿಟ್ಟಿದ್ದೇನೆ. ಶೆಟ್ಟಿಹಳ್ಳಿ ಕಾಡಿನೊಳಗೆ ಹೋಗಬಹುದಾ? ಯಾವುದು ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ಗೋಪಿ ಸರ್ಕಲ್

ಪಕ್ಕಾ ಕಾಣಬೇಕು ಅಂದರೆ ತ್ಯಾವರೆಕೊಪ್ಪ. ಸಾಗರ ರಸ್ತೆಯಲ್ಲಿ ಹತ್ತು ಕಿಲೋಮೀಟರ್. ಬಸ್ಸಿನಲ್ಲಿ ಕೂತರೆ ಹುಲಿ, ಸಿಂಹ ಎರಡೂ ಸಿಗುತ್ತವೆ, ಅತ್ತೆಯೂ ನಡೆಯಬೇಕಿಲ್ಲ. ಮಂಗಳವಾರ ರಜೆ, ಅದೊಂದು ನೋಡಿಕೊಳ್ಳಿ. ಮುಗೀತು.

ಬಿದಿರುಮೆಳೆ

ಗೋಪಿ ಸರ್ಕಲ್ ಅಣ್ಣ ಹೇಳಿದ್ದು ಸುಳ್ಳಲ್ಲ. ಮೂರನೇ ಕ್ಲಾಸಿನ ಹುಡುಗಿಗೆ ತ್ಯಾವರೆಕೊಪ್ಪ ಖುಷಿಯೇ ಕೊಡುತ್ತದೆ. ಆದರೆ ಅದು ಬೇಲಿಯೊಳಗಿನ ಜಾಗ. ಸಿಂಹ ನಮ್ಮ ಕಡೆಯ ಪ್ರಾಣಿಯೂ ಅಲ್ಲ. ಕಾಡು ತೋರಿಸಿದೆವು ಅಂತ ಹೇಳೋಕೆ ಬರಲ್ಲ.

ಲಕ್ಕವಳ್ಳಿ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ. ಲಕ್ಕವಳ್ಳಿ ಸಫಾರಿ ಹೋಗೋದು ಭದ್ರಾ ಅಭಯಾರಣ್ಯದೊಳಗೆ. ಅದು ಸುಮಾರು 492 ಚದರ ಕಿಲೋಮೀಟರ್. 1951ರಲ್ಲಿ ಜಾಗರ ಕಣಿವೆ ಅಂತ ಶುರುವಾಯಿತು, 1974ರಲ್ಲಿ ಭದ್ರಾ ಅಂತ ಹೆಸರಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅಲ್ಲಿ ಹುಲಿ ಇದೆ. ಇದೆ ಅನ್ನೋದು ಬೇರೆ, ಕಾಣುತ್ತೆ ಅನ್ನೋದು ಬೇರೆ. ಕಬಿನಿ ಫೋಟೋ ನೋಡಿ ಇಲ್ಲಿಗೆ ಬಂದವರು ಮುಖ ಊದಿಸಿಕೊಂಡು ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಭದ್ರಾದಲ್ಲಿ ಬಿದಿರು ದಟ್ಟ. ಮಳೆಗಾಲ ಆಗಷ್ಟೇ ಮುಗಿದಿರುವುದರಿಂದ ದಾರಿ ಪಕ್ಕದ ಹುಲ್ಲು, ಲಂಟಾನ ಎಲ್ಲ ಎದೆಮಟ್ಟ ಇರುತ್ತದೆ. ಎಲ್ಲ ಹಳ್ಳದಲ್ಲೂ ನೀರಿರುವಾಗ ಪ್ರಾಣಿಗಳು ಒಂದೇ ಕಡೆ ಬರಬೇಕು ಅನ್ನೋ ಕಟ್ಟುಪಾಡಿಲ್ಲ. ಹತ್ತಡಿ ದೂರದಲ್ಲಿ ಕಾಟಿ (ಕಾಡುಕೋಣ) ನಿಂತಿದ್ದರೂ ಕಾಣೋದು ಬಿಳಿ ಕಾಲುಚೀಲ ಹಾಕಿದ ಹಾಗಿರುವ ಕಾಲು ಮಾತ್ರ.

ಮಾರ್ಚ್, ಏಪ್ರಿಲ್‌ಗೆ ಎಲೆ ಉದುರಿ, ಹಿನ್ನೀರು ಇಳಿದು, ದಂಡೆಯಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಆಗ ಆನೆ, ಕಾಟಿ ಹಿಂಡು ಹಿಂಡಾಗಿ ಆ ಹುಲ್ಲಿಗೆ ಇಳಿಯುತ್ತವೆ. ಪ್ರಾಣಿ ನೋಡೋದೇ ಮುಖ್ಯ ಅನ್ನೋರಿಗೆ ಅದು ಸೀಸನ್.

ಹಾಗಂತ ಈಗ ಬರಬೇಡಿ ಅಂತಲ್ಲ. ಈಗ ಕಿವಿಗೆ ಕೆಲಸ. ಡ್ರೈವರ್ ಜೀಪು ಆಫ್ ಮಾಡಿ ಕೈ ಎತ್ತಿದರೆ ಎಲ್ಲರೂ ಬಾಯಿ ಮುಚ್ಚಬೇಕು. ಮರದ ತುದಿಯಿಂದ ಮುಸುವ (ಕಪ್ಪು ಮುಖದ ಮಂಗ) ಕೆಮ್ಮಿದ ಹಾಗೆ ಕೂಗಿದರೆ, ಅದೇ ದಿಕ್ಕಿನಿಂದ ಕಡವೆಯೂ ಒಂದೇ ಸಮನೆ ಕೂಗಿದರೆ, ಹುಲಿಯೋ ಚಿರತೆಯೋ ಓಡಾಡುತ್ತಿದೆ ಅಂತ ಅರ್ಥ. ಜಿಂಕೆ ಒಂದೇ ಕೂಗಿದರೆ ಅಷ್ಟು ನಂಬುವ ಹಾಗಿಲ್ಲ, ಅದು ಸುಮ್ನೆ ಸುಮ್ನೆ ಹೆದರುತ್ತದೆ. ಈ ಲೆಕ್ಕಾಚಾರ ಏಳನೇ ಕ್ಲಾಸಿನ ಹುಡುಗನಿಗೆ ಮೊದಲೇ ಹೇಳಿಕೊಟ್ಟು ಕರೆದುಕೊಂಡು ಹೋಗಿ. ಹುಲಿ ಕಾಣದಿದ್ದರೂ ಅವನಿಗೆ ಬೇಜಾರಾಗಲ್ಲ.

ಕಾಟಿ ಬಗ್ಗೆ ಇನ್ನೊಂದು ಮಾತು. ಈಗ ಭದ್ರಾದಲ್ಲಿ ಅದನ್ನು ಮಾಮೂಲಿ ಅಂದುಕೊಳ್ಳುತ್ತಾರೆ. 1980ರ ದಶಕದ ಕೊನೆಯಲ್ಲಿ ರಿಂಡರ್‌ಪೆಸ್ಟ್ ಬಂದು ಇಲ್ಲಿನ ಕಾಟಿಗಳು ರಾಶಿ ರಾಶಿ ಸತ್ತಿದ್ದವು. ಅದು ದನಗಳ ರೋಗ, ಮೇಯಲು ಬಂದ ದನಗಳಿಂದ ಕಾಡಿಗೆ ಹಬ್ಬುವಂಥದ್ದು. ಲಸಿಕೆ ಹಾಕಿ ಹಾಕಿ 2011ರ ಹೊತ್ತಿಗೆ ಪ್ರಪಂಚದಿಂದಲೇ ಹೋಯಿತು. ಈಗ ದಾರಿಗೆ ಅಡ್ಡ ನಿಂತು ದಿಟ್ಟಿಸುವ ಕಾಟಿಯ ಹಿಂದೆ ಈ ಕತೆಯೂ ಇದೆ.

ಹೊಳೆಸ್ಟಾಪಿನವಳು

ಬಿದಿರುಮೆಳೆ ಸಾರ್, ಥ್ಯಾಂಕ್ಸ್. ಮಕ್ಕಳಿಗೆ ಓದಿ ಹೇಳುತ್ತೇನೆ. ಲಕ್ಕವಳ್ಳಿ ಹಿನ್ನೀರಿನಲ್ಲಿ ಬೋಟ್ ಸಫಾರಿಯೂ ಇದೆ ಅಲ್ವಾ? ಅಲ್ಲಿ ಸಾವಿರಾರು ರೀವ (ರಿವರ್ ಟರ್ನ್) ಹಕ್ಕಿ ಇರುತ್ತವೆ ಅಂತ ಕೇಳಿದ್ದೆ.

ಬಿ.ಆರ್.ಪಿ. ಕ್ವಾರ್ಟರ್ಸ್

ಮೇಡಂ, ಬೋಟ್ ಇದೆ. ಆದರೆ ಆ ಸಂತೆ ಈಗ ಸಿಗಲ್ಲ. ರೀವಗಳು ಸೇರೋದು ನೀರು ಇಳಿಯುವಾಗ. ಜನವರಿ ಆದಮೇಲೆ ಹಿನ್ನೀರಿನ ನಡುವೆ ದಿಬ್ಬಗಳು ಎದ್ದು ದ್ವೀಪ ಆಗುತ್ತವೆ. ಮೇ ತನಕ ಅದೇ ಅವುಗಳ ಹೆರಿಗೆ ಮನೆ.

ಗೂಡು ಅಂತ ಏನೂ ಕಟ್ಟಲ್ಲ. ಬರೀ ನೆಲದಲ್ಲಿ, ಜಲ್ಲಿಕಲ್ಲಿನ ನಡುವೆ ಸಣ್ಣ ತಗ್ಗು. ಅದರಲ್ಲಿ ಎರಡೋ ಮೂರೋ ಮೊಟ್ಟೆ, ಬೂದು ಬಣ್ಣದ ಮೇಲೆ ಕಂದು ಚುಕ್ಕಿ. ಬೈನಾಕ್ಯುಲರ್‌ನಲ್ಲಿ ನೋಡಿದರೂ ಕಲ್ಲು ಯಾವುದು ಮೊಟ್ಟೆ ಯಾವುದು ತಿಳಿಯಲ್ಲ. ಏಪ್ರಿಲ್ ಬಿಸಿಲಿಗೆ ಆ ಕಲ್ಲು ಕಾದು ಕೆಂಡ ಆಗಿರುತ್ತೆ. ಹಕ್ಕಿ ಹಾರಿ ಹೋಗಿ ಹೊಟ್ಟೆಯ ಗರಿ ನೀರಿಗೆ ಅದ್ದಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ. ಕಾವು ಕೊಡೋಕಲ್ಲ, ತಂಪು ಮಾಡೋಕೆ.

ದ್ವೀಪ ಆಗಿದ್ದಷ್ಟು ದಿನ ಕ್ಷೇಮ. ನೀರು ತೀರಾ ಇಳಿದರೆ ದಿಬ್ಬ ದಡಕ್ಕೆ ಸೇರಿ ನಾಯಿ, ನರಿ ನಡೆದುಕೊಂಡೇ ಬರುತ್ತವೆ. ಮಳೆ ಬೇಗ ಬಂದರೆ ಮೊಟ್ಟೆ ಮುಳುಗುತ್ತದೆ. 1965ರಲ್ಲಿ ಮುಗಿದ ಅಣೆಕಟ್ಟು ಇದು. ಕಟ್ಟಿದ್ದು ಗದ್ದೆಗೆ ನೀರು ಬಿಡೋಕೆ, ಹಕ್ಕಿಗಲ್ಲ. ಆದರೂ ಅವು ಇದನ್ನೇ ಹಿಡಿದುಕೊಂಡಿವೆ.

ಬೋಟಿನವರಿಗೆ ಇನ್ನೂ ಹತ್ತಿರ ಹೋಗಿ ಅಂತ ದುಡ್ಡು ಕೊಡುವವರು ಇದ್ದಾರೆ. ದಯವಿಟ್ಟು ಬೇಡ. ಹಕ್ಕಿ ಎದ್ದರೆ ಮೊಟ್ಟೆ ಬಿಸಿಲಿಗೆ ಬಿತ್ತು ಅಂತಲೇ ಲೆಕ್ಕ.

ಸೊರಬದ ಹೈದ

ನವೆಂಬರ್ ಒಳಗೆ ಬರ್ತೀರಿ ಅಂದರೆ ಗುಡವಿ ಬಿಡಬೇಡಿ ಮಾರಾಯ್ರೆ. ಸೊರಬದಿಂದ ಹದಿನೈದು ಹದಿನಾರು ಕಿಲೋಮೀಟರ್. ಕೆರೆ ನಡುವಿನ ಮರಗಳ ತುಂಬ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ. ಜೂನಿಂದ ನವೆಂಬರ್ ತನಕ ಜಾತ್ರೆ. ಕೆರೆ ಏರಿಯ ಮೇಲಿಂದಲೇ ಕಾಣುತ್ತದೆ, ಅತ್ತೆಗೂ ಸಲೀಸು. ವಾಸನೆ ಮಾತ್ರ ಇರುತ್ತೆ, ಮೊದಲೇ ಹೇಳಿಬಿಡಿ.

ಹಾವಕ್ಕಿ ನೀರಿಂದ ಬರೀ ಕತ್ತು ಎತ್ತಿ ಈಜೋದನ್ನ ಮಕ್ಕಳು ಹಾವು ಅಂತಲೇ ಕೂಗಿಕೊಳ್ಳುತ್ತಾರೆ, ನೋಡ್ತಾ ಇರಿ.

ಗಾಜನೂರು ಕಡೆಯವ

ಮಂಡಗದ್ದೆ ತೀರ್ಥಹಳ್ಳಿ ರಸ್ತೆಯಲ್ಲೇ ಇರೋದರಿಂದ ದಾರಿಯಲ್ಲಿ ಕಾರು ನಿಲ್ಲಿಸಿದರೆ ಆಯಿತು. ತುಂಗೆ ನಡುವಿನ ಸಣ್ಣ ನಡುಗಡ್ಡೆ, ಎಕರೆ ಲೆಕ್ಕದ್ದು. ಆದರೆ ಅದು ಮಳೆಗಾಲದ ಆಟ. ದೀಪಾವಳಿ ಹೊತ್ತಿಗೆ ಬಹುಪಾಲು ಮರಿಗಳು ಹಾರಿ ಹೋಗಿರುತ್ತವೆ. ಆಗಸ್ಟ್‌ನಲ್ಲಿ ಬಂದು ನೋಡಿ, ಒಂದೊಂದು ಕೊಂಬೆಯಲ್ಲೂ ಜಗಳ.

ಸಕ್ರೆಬೈಲು ಬೆಳಿಗ್ಗೆ ಎಂಟೂವರೆಗೇ ತಲುಪಿ. ಹನ್ನೊಂದು ಆದಮೇಲೆ ಹೋದರೆ ಆನೆ ಇರಲ್ಲ, ಲದ್ದಿ ಇರುತ್ತೆ.

ಜಯನಗರ ವಾಕರ್

ಸಕ್ರೆಬೈಲು ನನಗಂತೂ ಇಷ್ಟ ಆಗಲ್ಲ. ಕಾಲಿಗೆ ಚೈನು ಹಾಕಿದ ಆನೆ ಪಕ್ಕ ನಿಂತು ಸೆಲ್ಫಿ. ಅದನ್ನು ಮಕ್ಕಳಿಗೆ ವನ್ಯಜೀವಿ ಅಂತ ತೋರಿಸೋದಾ?

ಗಾಜನೂರು ಕಡೆಯವ

ವಾಕರ್ ಸಾರ್, ನಿಮ್ಮ ಮಾತು ತೆಗೆದುಹಾಕಲ್ಲ. ಸೆಲ್ಫಿ ಗಲಾಟೆ ನನಗೂ ಆಗಲ್ಲ. ಆದರೆ ನಮ್ಮ ಸೋದರಮಾವ ಕಾವಾಡಿ, ಅಂದರೆ ಮಾವುತನ ಸಹಾಯಕ, ಆಗಿದ್ದವರು, ಹಾಗಾಗಿ ಚೈನಿನ ವಿಷಯ ಸ್ವಲ್ಪ ಹೇಳುತ್ತೇನೆ.

ಇಲ್ಲಿನ ಆನೆಗಳು ರಾತ್ರಿ ಲಾಯದಲ್ಲಿ ಇರೋದಿಲ್ಲ. ಸ್ನಾನ, ಊಟ ಮುಗಿದಮೇಲೆ ಕಾಡಿಗೆ ಬಿಡುತ್ತಾರೆ. ಅವೇ ಮೇಯುತ್ತವೆ. ಕಾಲಿನ ಉದ್ದ ಸರಪಳಿ ನೆಲದಲ್ಲಿ ಎಳೆದುಕೊಂಡೇ ಹೋಗುತ್ತವೆ. ಬೆಳಿಗ್ಗೆ ಮಂಜು ಇರುವಾಗಲೇ ಮಾವುತ, ಕಾವಾಡಿ ಹೊರಡುತ್ತಾರೆ. ತರಗೆಲೆಯ ಮೇಲೆ ಸರಪಳಿ ಗೀಚಿದ ಗೆರೆ ಹಿಡಿದು ಹೋಗಬೇಕು. ಲದ್ದಿ ಸಿಕ್ಕರೆ ಕೈಯಿಟ್ಟು ನೋಡಬೇಕು, ಬಿಸಿ ಇದ್ದರೆ ಹತ್ತಿರದಲ್ಲೇ ಇದೆ. ಒಂದೊಂದು ದಿನ ಗೆರೆಯ ಪಕ್ಕದಲ್ಲಿ ಸರಪಳಿ ಇಲ್ಲದ ಹೆಜ್ಜೆಯೂ ಸಿಗುತ್ತದೆ. ಅಂದರೆ ಕಾಡಾನೆ ಜೊತೆಗೆ ಬಂದಿದೆ. ಅವತ್ತು ಮಾವ ಮನೆಗೆ ಬಂದಮೇಲೂ ಜಾಸ್ತಿ ಮಾತಾಡುತ್ತಿರಲಿಲ್ಲ.

ಶಿವಮೊಗ್ಗ ದಸರಾದಲ್ಲಿ ಅಂಬಾರಿ ಹೊರೋದು ಇದೇ ಬಿಡಾರದ ಆನೆ. ಊರೊಳಗೆ ಪುಂಡಾನೆ ಬಂದರೆ ಹಿಡಿಯೋಕೆ ಹೋಗೋದೂ ಇವೇ.

ಮಕ್ಕಳನ್ನು ಕರೆದುಕೊಂಡು ಹೋದರೆ ಸೆಲ್ಫಿ ಜಾಗ ಬಿಟ್ಟು ನೀರಿನ ಹತ್ತಿರ ನಿಲ್ಲಿಸಿ. ಆನೆ ಮಗ್ಗುಲಾಗಿ ಮಲಗಿದಾಗ ಕಾವಾಡಿ ಕಿವಿ ಮಡಚಿ ಹಿಂಭಾಗ ಉಜ್ಜುತ್ತಾನೆ. ವಯಸ್ಸಾದ ಆನೆಯ ಕಿವಿ ಅಂಚು, ಸೊಂಡಿಲಿನ ಬುಡ ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗಿ ಚುಕ್ಕಿ ಚುಕ್ಕಿ ಆಗಿರುತ್ತೆ. ಸೊಂಡಿಲಿನ ತುದಿಯಲ್ಲಿ ಒಂದೇ ಒಂದು ಬೆರಳಿನಂಥದ್ದು ಇದೆ, ಆಫ್ರಿಕಾದ ಆನೆಗೆ ಎರಡು. ತಿನ್ನೋಕೆ ಕೊಟ್ಟ ಹುಲ್ಲಿನ ಕುಸುರೆ (ಕಟ್ಟು) ಬಿಚ್ಚಿ ಒಳಗಿನ ಬೆಲ್ಲ ಮೊದಲು ಹುಡುಕೋದು ಆ ಬೆರಳಿನಲ್ಲೇ.

ಜಯನಗರ ವಾಕರ್

ಸರಪಳಿ ಗೆರೆ ವಿಷಯ ಗೊತ್ತಿರಲಿಲ್ಲ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದರೂ ಚೆನ್ನಾಗಿ ಬರೆದಿದ್ದೀರಿ.

ಆಶಾ ಅಕ್ಕ

ಯಾರೂ ಹೇಳದ್ದು ಒಂದಿದೆ. ನಾನು ತೀರ್ಥಹಳ್ಳಿ ಕಡೆ ಆಶಾ ಕಾರ್ಯಕರ್ತೆ. ಮಳೆಗಾಲಕ್ಕೆ ಇಂಬಳ (ಜಿಗಣೆ), ಬೇಸಿಗೆಗೆ ಉಣುಗು (ಉಣ್ಣೆ ಹುಳ). ಇಂಬಳಕ್ಕೆ ಹೆದರಬೇಡಿ. ಕಚ್ಚಿದರೆ ಉಪ್ಪೋ ಸುಣ್ಣವೋ ತಾಗಿಸಿ, ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತೆ, ಅಷ್ಟೇ. ಉಣುಗಿಗೆ ಹೆದರಿ.

ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ರಪಂಚದ ಪುಸ್ತಕಗಳಲ್ಲೆಲ್ಲ ಅದೇ ಹೆಸರು. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಎಷ್ಟು ಜನ ಇದರಿಂದ ತೀರಿಹೋದರು ಅಂತ ಇಲ್ಲಿನವರಿಗೆ ನೆನಪಿದ್ದೇ ಇರುತ್ತದೆ. ಚಳಿ ಶುರುವಾದಮೇಲೆ ಮರಿ ಉಣುಗುಗಳು ತರಗೆಲೆಯಲ್ಲಿ ಏಳುತ್ತವೆ. ಎಳ್ಳಿಗಿಂತ ಸಣ್ಣದು. ಕಚ್ಚಿದ್ದೇ ಗೊತ್ತಾಗಲ್ಲ. ನವೆಂಬರ್ ಡಿಸೆಂಬರ್‌ನಿಂದ ಮೇ ತನಕ ಹುಷಾರಾಗಿರಬೇಕು.

ಕಾಡಿನಲ್ಲಿ ನೆಲದ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚಬೇಡಿ. ಜೀಪಿನಲ್ಲೇ ಇರೋರಿಗೆ ಅಪಾಯ ಕಮ್ಮಿ. ಇಳಿಯೋದಿದ್ದರೆ ತುಂಬು ತೋಳು, ಉದ್ದ ಪ್ಯಾಂಟು, ಅದರ ತುದಿ ಸಾಕ್ಸ್ ಒಳಗೆ. ಕಾಯಿಲೆ ಇರುವ ಊರುಗಳಲ್ಲಿ ನಾವು ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆ ಹಂಚುತ್ತೇವೆ, ಅದನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಮನೆಗೆ ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಕ್ಕಳ ಕಿವಿ ಹಿಂದೆ, ಕಂಕುಳು ನೋಡಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಫೋಟೋಗೂ ಹತ್ತಿರ ಹೋಗಬೇಡಿ, ಹತ್ತಿರದ ಆಸ್ಪತ್ರೆಗೋ ಅರಣ್ಯದವರಿಗೋ ತಿಳಿಸಿ. ಬೆಂಗಳೂರಿಗೆ ವಾಪಸ್ ಹೋದಮೇಲೆ ಜ್ವರ ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆವು" ಅಂತ ಬಾಯಿಬಿಟ್ಟು ಹೇಳಬೇಕು. ಅಲ್ಲಿ ಡೆಂಗಿ ಅಂದುಕೊಂಡು ಕೂರುತ್ತಾರೆ.

ಹೆದರಿಸೋಕೆ ಬರೆದಿದ್ದಲ್ಲ. ನಾವು ದಿನಾ ಇದರಲ್ಲೇ ಓಡಾಡುತ್ತೇವೆ. ಬನ್ನಿ, ನೋಡಿ.

ಗೋಪಿ ಸರ್ಕಲ್

ಆಶಾ ಅಕ್ಕ ಹೇಳಿದ್ದನ್ನು ಪಿನ್ ಮಾಡಿ ಮೇಲೆ ಇಡಬೇಕು.

ಹಿನ್ನೀರಿನವರು

ಶೆಟ್ಟಿಹಳ್ಳಿ ಕಾಡಿನೊಳಗೆ ಹೋಗಬಹುದಾ ಅಂತ ಮೇಲೆ ಕೇಳಿದ್ದಿರಿ. ಯಾರೂ ಉತ್ತರ ಕೊಟ್ಟಿಲ್ಲ. ನಾನು ಆ ಕಾಡಿನೊಳಗೇ ಹುಟ್ಟಿದವನು, ಹೇಳುತ್ತೇನೆ.

ನಮ್ಮಜ್ಜನ ಊರು ಶರಾವತಿ ಹಿನ್ನೀರಿನಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ, 1960ರ ದಶಕದಲ್ಲಿ, ಲಾರಿಗೆ ಹತ್ತಿಸಿ ಈ ಕಾಡಿಗೆ ತಂದು ಇಳಿಸಿದರು. ನಾಡಿಗೆಲ್ಲ ಕರೆಂಟು ಬರಲಿ ಅಂತ ಊರು ಬಿಟ್ಟವರು. 1974ರಲ್ಲಿ ಅದೇ ಕಾಡು ಅಭಯಾರಣ್ಯ ಆಯಿತು. ನಾವು ಒಳಗೇ ಉಳಿದೆವು. ಆಮೇಲೆ ರಸ್ತೆಗೆ ಜಲ್ಲಿ ಹಾಕೋಕೂ, ಕಂಬ ನೆಡೋಕೂ ಕಾನೂನು ಅಡ್ಡ. ನನ್ನ ಬಾಲ್ಯ ಪೂರ್ತಿ ಸೀಮೆಎಣ್ಣೆ ಬುಡ್ಡಿ ಬೆಳಕಿನದು. ಕರೆಂಟಿಗಾಗಿ ಮುಳುಗಿದವರ ಮೊಮ್ಮಗ ಬುಡ್ಡಿ ಹಚ್ಚಿ ಓದಿದ. ಯಾವ ಕಚೇರಿ, ಯಾರು ಅಂತ ಇಲ್ಲಿ ಬೇಡ. ಅರ್ಜಿ ಕೊಟ್ಟ ಕಡೆಯೆಲ್ಲ ಇನ್ನೊಂದು ಕಚೇರಿ ತೋರಿಸಿದರು.

ಈಗ ನಿಮ್ಮ ಪ್ರಶ್ನೆಗೆ. ಅನುಮತಿ ಇಲ್ಲದೆ ಕಾಡಿನ ರಸ್ತೆಗೆ ಕಾರು ತಿರುಗಿಸಬೇಡಿ. ಅಲ್ಲಿ ಲಕ್ಕವಳ್ಳಿಯ ಹಾಗೆ ಜೀಪು ಹತ್ತಿ ಕೂರುವ ವ್ಯವಸ್ಥೆ ಇಲ್ಲ. ಭದ್ರಾ ಕಡೆಯಿಂದ ಆನೆಗಳೂ ಬರುತ್ತವೆ, ಉಂಬ್ಳೆಬೈಲು ಸುತ್ತಿನವರನ್ನು ಕೇಳಿ ನೋಡಿ, ಗದ್ದೆ ಕಾಯೋದರಲ್ಲೇ ರಾತ್ರಿ ಕಳೆಯುತ್ತದೆ.

ಹಾಗಂತ ಕಾಡಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆ ಹಿಂದೆ ಒಂದು ಹಳೇ ತಾರೆ ಮರ ಇದೆ. ಅದರ ಪೊಟರೆಯಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗೂಡು. ಹೆಣ್ಣು ಒಳಗೆ ಕೂತು ಬಾಗಿಲನ್ನು ಮೆತ್ತಿ ಮುಚ್ಚಿಕೊಂಡುಬಿಡುತ್ತದೆ, ಕೊಕ್ಕು ತೂರುವಷ್ಟು ಸಂದಿ ಮಾತ್ರ ಬಿಟ್ಟು. ಗಂಡು ದಿನವಿಡೀ ಬಸರಿ, ಅತ್ತಿ ಹಣ್ಣು ಹೊತ್ತು ತರುತ್ತದೆ. ಗಂಟಲಲ್ಲಿ ತುಂಬಿಕೊಂಡು ಬಂದದ್ದನ್ನು ಒಂದೊಂದಾಗಿ ಕೊಕ್ಕಿನ ತುದಿಗೆ ತಂದು, ಸಂದಿಯಲ್ಲಿ ಇಡುತ್ತದೆ. ಅದು ಹಣ್ಣು ಕೊಡುವಾಗ ನಮ್ಮಮ್ಮ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರೆ ಕೈ ನಿಲ್ಲಿಸುತ್ತಾಳೆ, ಸದ್ದಾಗದಿರಲಿ ಅಂತ. ಇದನ್ನು ನೋಡೋಕೆ ಟಿಕೆಟ್ ಇಲ್ಲ, ತೋರಿಸೋಕೆ ನಮಗೂ ಪುರುಸೊತ್ತಿಲ್ಲ.

ಬಿದಿರುಮೆಳೆ

ಹಿನ್ನೀರಿನವರೇ, ಒಂದು ಕೇಳಲಾ? ಭದ್ರಾದಲ್ಲಿ 2001, 2002ರ ಹೊತ್ತಿಗೆ 400ಕ್ಕೂ ಹೆಚ್ಚು ಕುಟುಂಬಗಳು ಕಾಡಿನಿಂದ ಹೊರಗೆ ಬಂದವು. ಎಂ.ಸಿ. ಹಳ್ಳಿ, ಕೆಳಗೂರು ಕಡೆ ಜಮೀನು ಕೊಟ್ಟರು. ಎಂ.ಸಿ. ಹಳ್ಳಿ ಕಡೆಯ ಒಂದಿಬ್ಬರು ನನಗೆ ಪರಿಚಯ. ಮಕ್ಕಳು ಓದಿದರು, ಬಸ್ಸು ಸಿಕ್ಕಿತು ಅನ್ನುತ್ತಾರೆ. ಅವರು ಬಿಟ್ಟ ಗದ್ದೆಗಳಲ್ಲಿ ಈಗ ಜಿಂಕೆ ಮೇಯುತ್ತವೆ. ಹಾಗೆ ನಿಮ್ಮ ಊರಿಗೂ ಆಗಬಾರದಾ?

ಹಿನ್ನೀರಿನವರು

ಸರಿಯಾಗಿ ಜಮೀನು ಕೊಟ್ಟರೆ ಹೊರಡುವವರು ನಮ್ಮಲ್ಲೂ ಇದ್ದಾರೆ. ನನ್ನ ತಮ್ಮನೇ ಒಬ್ಬ. ಆದರೆ ಒಮ್ಮೆ ಕೊಡುತ್ತೇವೆ ಅಂತ ಎಬ್ಬಿಸಿ ತಂದ ಜಾಗದ ಹಕ್ಕುಪತ್ರವೇ ಇತ್ಯರ್ಥ ಆಗದ ಮನೆಗಳಿಗೆ ಎರಡನೇ ಸಲ ಏಳಿ ಅಂದರೆ ಹೇಗೆ ನಂಬುತ್ತಾರೆ ಹೇಳಿ. ಭದ್ರಾದವರಿಗೆ ಮೊದಲು ಭೂಮಿ ತೋರಿಸಿದರು, ಆಮೇಲೆ ಹೊರಟರು. ಆ ಕ್ರಮ ಮುಖ್ಯ.

ಬಿದಿರುಮೆಳೆ

ಒಪ್ಪಿದೆ.

ಕೊಪ್ಪದ ಕೂಸು

ನಡುವೆ ಬಾಯಿ ಹಾಕಿದೆ. ಮಕ್ಕಳಿಗೆ ಹಾರುವ ಓತಿ ತೋರಿಸಬೇಕು ಅಂದರೆ ಅಭಯಾರಣ್ಯ ಬೇಡ, ಯಾರದ್ದಾದರೂ ಹಳೇ ಅಡಿಕೆ ತೋಟ ಸಾಕು. ಬಿಸಿಲು ಬಿದ್ದ ಹೊತ್ತಿಗೆ ಮರದ ಬೊಡ್ಡೆ ನೋಡುತ್ತಾ ಸುಮ್ನೆ ನಿಲ್ಲಿ. ತೊಗಟೆಯ ಬಣ್ಣವೇ ಆದ್ದರಿಂದ ಮೊದಲು ಏನೂ ಕಾಣಲ್ಲ. ಗಂಡು ಗಂಟಲ ಕೆಳಗಿನ ಹಳದಿ ಚರ್ಮವನ್ನು ಫಟ್ ಅಂತ ತೆಗೆದು ಮುಚ್ಚುತ್ತೆ ನೋಡಿ, ಆಗ ಸಿಕ್ಕಿಬೀಳುತ್ತದೆ. ಆಮೇಲೆ ಪಕ್ಕೆಯ ರೆಕ್ಕೆ ಬಿಚ್ಚಿ ಮುಂದಿನ ಮರಕ್ಕೆ ತೇಲುತ್ತದೆ. ನೆಲಕ್ಕೆ ಇಳಿಯೋದು ಹೆಣ್ಣು, ಅದೂ ಮೊಟ್ಟೆ ಇಡೋಕೆ.

ಆಗುಂಬೆ ಘಾಟಿಯಲ್ಲಿ ಮಂಗಗಳಿಗೆ ಚಿಪ್ಸ್ ಎಸೆಯುವವರಿಗೆ ಏನು ಹೇಳೋದು ಅಂತ ಬೇರೆ ಚರ್ಚೆ ಶುರು ಮಾಡಬೇಕು.

ಹೊಳೆಸ್ಟಾಪಿನವಳು

ಹಬ್ಬ ಮುಗಿಯಿತು, ಎಲ್ಲರೂ ವಾಪಸ್ ಹೋದರು. ಏನಾಯಿತು ಅಂತ ಬರೆಯದಿದ್ದರೆ ತಪ್ಪಾಗುತ್ತೆ.

ಸಕ್ರೆಬೈಲಿಗೆ ಬೇಗ ಹೋದೆವು. ಮಕ್ಕಳು ಸೊಂಡಿಲಿನ ಬೆರಳು ನೋಡಿದರು, ಅತ್ತೆ ಕಾವಾಡಿ ಹತ್ತಿರ ಅರ್ಧ ಗಂಟೆ ಸಂಸಾರದ ಕಷ್ಟಸುಖ ಮಾತಾಡಿದರು. ಲಕ್ಕವಳ್ಳಿಯಲ್ಲಿ ಮಧ್ಯಾಹ್ನದ ಜೀಪು. ಹುಲಿ ಇಲ್ಲ. ಮುಸುವ ಕೂಗಿತು, ಕಡವೆಯೂ ಕೂಗಿತು. ಹುಡುಗ ಎದ್ದು ನಿಂತು ಎಲ್ಲರಿಗೂ ಬಾಯಿ ಮುಚ್ಚಿ ಅಂತ ಸನ್ನೆ ಮಾಡಿದ. ಹತ್ತು ನಿಮಿಷ ಕಾದರೂ ಬಿದಿರಿನಿಂದ ಏನೂ ಹೊರಗೆ ಬರಲಿಲ್ಲ. ನಾದಿನಿ ಗಂಡ ಮಾತ್ರ ಕೊಟ್ಟ ದುಡ್ಡು ದಂಡ ಅಂತ ದಾರಿಯುದ್ದಕ್ಕೂ ಗೊಣಗಿದರು. ಮಾರನೇ ದಿನ ತ್ಯಾವರೆಕೊಪ್ಪ ತೋರಿಸಿ ಸಮಾಧಾನ ಮಾಡಿದೆವು, ಗೋಪಿ ಸರ್ಕಲ್ ಅವರಿಗೆ ವಂದನೆ.

ಸಣ್ಣವಳಿಗೆ ಹಿಡಿಸಿದ್ದು ಕೆಂದಳಿಲು. ಕೊಂಬೆಯ ಮೇಲೆ ಹೊಟ್ಟೆ ಊರಿ ಮಲಗಿತ್ತು, ಬಾಲ ಕೆಳಗೆ ಜೋತಿತ್ತು. ಜೀಪು ನಿಂತಮೇಲೂ ಏಳಲಿಲ್ಲ. ಕಿವಿ ಮಾತ್ರ ನಮ್ಮ ಕಡೆ ತಿರುಗಿಸಿತು.

ಒಂದು ಹಕ್ಕಿ ಯಾವುದು ಅಂತ ಗೊತ್ತಾಗಲಿಲ್ಲ. ಕಪ್ಪಗೆ ಹೊಳೆಯುತ್ತಿತ್ತು, ತಲೆ ಮೇಲೆ ಜುಟ್ಟು. ಬಾಲದಿಂದ ಎರಡು ಉದ್ದ ತಂತಿ, ತುದಿಯಲ್ಲಿ ಸಣ್ಣ ಎಲೆಯಂಥದ್ದು. ಹಾರುವಾಗ ಎರಡು ದುಂಬಿ ಅದನ್ನು ಅಟ್ಟಿಸಿಕೊಂಡು ಬರುತ್ತಿವೆ ಅನ್ನಿಸಿತು.

ಬಿ.ಆರ್.ಪಿ. ಕ್ವಾರ್ಟರ್ಸ್

ಭೀಮರಾಜ ಮೇಡಂ. ಬೇರೆ ಹಕ್ಕಿಗಳ ಕೂಗೆಲ್ಲ ಅನುಕರಿಸುತ್ತದೆ. ನೀವು ಕೇಳಿದ ಕೂಗುಗಳಲ್ಲಿ ಒಂದೆರಡು ಅದರದ್ದೇ ಇದ್ದಿರಬಹುದು.

ಸೊರಬದ ಹೈದ

ಗುಡವಿಗೆ ಯಾಕೆ ಬರಲಿಲ್ಲ?

ಹೊಳೆಸ್ಟಾಪಿನವಳು

ದಿನ ಸಾಲಲಿಲ್ಲ ಅಣ್ಣ. ಈ ಭಾನುವಾರ ನಾವಿಬ್ಬರೇ ಬರೋಣ ಅಂತ. ಕೆರೆ ಹತ್ತಿರ ಊಟ ಸಿಗುತ್ತಾ?

ಸೊರಬದ ಹೈದ

ನಂಬಿಕೊಂಡು ಬರಬೇಡಿ, ಸೊರಬದಲ್ಲೇ ತಿಂಡಿ ಮುಗಿಸಿ. ನೀರು ಜೊತೆಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಬೇಡ, ಸಂಜೆ ನಾಲ್ಕರ ಮೇಲೆ ಬನ್ನಿ, ಮೇಯಲು ಹೋದವೆಲ್ಲ ಹಿಂಡಾಗಿ ಮರಕ್ಕೆ ವಾಪಸ್ ಬರುವ ಹೊತ್ತು ಅದು.